ಲಿಂಗಕ್ಕಿಂತ ಮೊದಲು ನೀರು

ಕೊರಳಿನ ಗಂಟು ಶಿವದಾರ ತಿಕ್ಕಿ ಆದದ್ದು ಅಂತ ನಾನು ಬಹಳ ದಿನ ನಂಬಿದ್ದೆ. ಕೂಸಾಗಿದ್ದಾಗ ನಮ್ಮ ಗುರು ಅಯ್ನೋರು ಬಂದು ಕಟ್ಟಿದ ಲಿಂಗ ಅಂದಿನಿಂದ ನನ್ನ ಮೈ ಬಿಟ್ಟಿದ್ದಿಲ್ಲ. ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ, ಕೊರಳಿಗೆ ಹಾಕಿಕೊಳ್ಳಲು ದಾರ. ವೆಲ್ಡಿಂಗ್ ಮಾಡುವವನ ಮೈ ಬೆವರುತ್ತದೆ, ದಾರ ಒದ್ದೆಯಾಗುತ್ತದೆ, ಅದಕ್ಕೆ ಕಬ್ಬಿಣದ ಪುಡಿ ಹತ್ತುತ್ತದೆ, ಕೊರಳು ಉರಿಯುತ್ತದೆ. ಹಾಗಾಗಿ ಗಂಟು ಕೈಗೆ ಹತ್ತಿದಾಗ ನಾನು ದಾರ ಬದಲಿಸಿದೆ. ನೂಲಿನದು ತೆಗೆದು ರೇಶ್ಮೆಯದು ಹಾಕಿದೆ. ಗಂಟಿನ ಮೇಲೆ ವಿಭೂತಿ ಹಚ್ಚಿದೆ. ಗಂಟು ದೊಡ್ಡದಾಯಿತು. ಮತ್ತೆ ದಾರ ಬದಲಿಸಿದೆ.

ನಮ್ಮ ಮನೆ ಬಸವಕಲ್ಯಾಣದಲ್ಲಿ, ಅಂಗಡಿ ಹುಮನಾಬಾದಿನಲ್ಲಿ, ಹೈವೇ ಬದಿಗೆ. ಕಬ್ಬು ಹೊರುವ ಟ್ರಾಲಿ ಕಟ್ಟುವುದು ನನ್ನ ಕೆಲಸ. ಸಾಲಿ ಆರನೇ ಇಯತ್ತೆಗೆ ಬಿಟ್ಟವನು ನಾನು, ಆದರೆ ಹಳ್ಳಿಖೇಡದ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು ನಿಂತಾಗ ದೂರದಿಂದಲೇ ಹೇಳಬಲ್ಲೆ ಯಾವ ಟ್ರಾಲಿ ನನ್ನ ಕೈಯದು ಅಂತ. ನಾನು ಹಾಕಿದ ಬೆಸುಗೆ ಬಿಟ್ಟಿದ್ದನ್ನು ಯಾರೂ ನೋಡಿಲ್ಲ. ಇದನ್ನು ಹೇಳಲು ಕಾರಣ ಇಷ್ಟೇ. ಯಾರ ಮುಂದೆಯೂ ಕೈ ಚಾಚದೆ ಬದುಕಿದ ಮನುಷ್ಯ ಎಷ್ಟು ಹೆದರಬಹುದು ಅಂತ ನಿಮಗೆ ತಿಳಿಯಬೇಕು.

ಗಂಟು ದಾರದ್ದಲ್ಲ ಅಂತ ಮೊದಲು ಗುರುತಿಸಿದವನು ಖಾಜಾ ಮಿಯ್ಯಾ. ನಮ್ಮದು ಒಂದೇ ಅಂಗಳ. ಈ ಕಡೆ ನನ್ನ ಶೆಡ್ಡು, ಆ ಕಡೆ ಅವನ ಮೋಟಾರ್ ವೈಂಡಿಂಗ್ ಅಂಗಡಿ, ನಡುವೆ ಬೇವಿನ ಗಿಡ. ಇಬ್ಬರೂ ಚಹಾ ಕುಡಿಯುತ್ತ ಕೂತಿದ್ದೆವು. ಅವನು ನನ್ನ ಕೊರಳನ್ನೇ ನೋಡುತ್ತಿದ್ದ.

“ಶರಣಪ್ಪಾ, ಇನ್ನೊಂದು ಗುಟುಕು ಕುಡಿ.”

“ಯಾಕ?”

“ಕುಡಿ ಅಂದ್ರ ಕುಡಿಯಪ್ಪಾ.”

ಕುಡಿದೆ. ಅವನು ಕಪ್ಪು ಕೆಳಗಿಟ್ಟ. “ನೀ ನುಂಗಿದಾಗ ಗಂಟು ಮ್ಯಾಲ ಹೋಗಿ ಕೆಳಗ ಬರಾಕತ್ತದ. ದಾರ ತಿಕ್ಕಿದ ಗಂಟು ಹಿಂಗ ಏರಿಳಿತದೇನು? ಇದು ಒಳಗಿಂದು. ನಾಳೆ ದವಾಖಾನಿಗಿ ನಡಿ.”

“ನಿನಗೇನು ಗೊತ್ತು, ತಂತಿ ಸುತ್ತೋನಿಗಿ.”

“ತಂತಿ ಸುತ್ತೋನಿಗೇ ಗೊತ್ತಾಗ್ತದ, ಕಾಯಲ್ ಎಲ್ಲಿ ಸುಟ್ಟದ ಅಂತ. ನಡಿ.”

ಬಸವಕಲ್ಯಾಣದ ಡಾಕ್ಟರು ಮುಟ್ಟಿ ನೋಡಿ ಕಲಬುರಗಿಗೆ ಕಳಿಸಿದರು. ಅಲ್ಲಿ ಕೊರಳಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡರು. ರಿಪೋರ್ಟು ಬಂದ ದಿನ ಡಾಕ್ಟರು ನನ್ನನ್ನು ಬಿಟ್ಟು ನನ್ನ ಹೆಂಡತಿ ಗಂಗಮ್ಮನ ಮುಖ ನೋಡಿ ಮಾತಾಡತೊಡಗಿದರು. “ಥೈರಾಯ್ಡ್ ಕ್ಯಾನ್ಸರ್” ಅಂದರು. “ಇದು ಒಳ್ಳೆ ಜಾತಿದು, ಹೆದರಬೇಡಿ” ಅಂದರು. ಕ್ಯಾನ್ಸರಿನಲ್ಲೂ ಒಳ್ಳೆ ಜಾತಿ, ಕೆಟ್ಟ ಜಾತಿ ಇರುತ್ತವೆ ಅಂತ ನನಗೆ ಅಂದೇ ಗೊತ್ತಾದದ್ದು. ನಗುವ ಮಾತೇ, ಆದರೆ ನಗಲಿಲ್ಲ. ಬಸ್ಸಿನಲ್ಲಿ ಬರುವಾಗ ಗಂಗಮ್ಮ ನನ್ನ ಕೈ ಹಿಡಿದಿದ್ದಳು. ಮದುವೆಯಾದ ಮೇಲೆ ನಾಲ್ಕು ಮಂದಿಯ ಎದುರು ಅವಳು ನನ್ನ ಕೈ ಹಿಡಿದದ್ದು ಅದೇ ಮೊದಲು. ಅವಳಿಗೂ ಹೆದರಿಕೆಯಾಗಿದೆ ಅಂತ ಅದರಿಂದಲೇ ತಿಳಿಯಿತು.

ಮನೆಯಲ್ಲಿ ಹರಕೆಗಳು ಶುರುವಾದವು. ಗಂಗಮ್ಮ ಸೋಮವಾರದ ಉಪವಾಸ ಹಿಡಿದಳು. ಅವಳ ತಂಗಿ ತುಳಜಾಪುರಕ್ಕೆ ಬೇಡಿಕೊಂಡಳು. ಖಾಜಾನ ಮನೆಯಾಕೆ ದರ್ಗಾದಲ್ಲಿ ಚಾದರ ಹೊದಿಸುತ್ತೇನೆ ಅಂದಳಂತೆ. ನನಗೆ ಸಿಟ್ಟು ಬಂತು. ಒಬ್ಬನ ಸಲುವಾಗಿ ಇಷ್ಟು ದೇವರ ಬಾಗಿಲು ಬಡಿಯುತ್ತಾರೆಂದರೆ ಅವನು ಸಾಯುತ್ತಾನೆ ಅಂತ ಎಲ್ಲರೂ ಒಳಗೊಳಗೆ ಒಪ್ಪಿಕೊಂಡಿದ್ದಾರೆ ಅಂತಲೇ ಅರ್ಥ ಅನ್ನಿಸಿತು.

ನನ್ನ ಭಕ್ತಿ ಅಂಥದ್ದಲ್ಲ. ನಾನು ಗುಡಿ ಸುತ್ತುವವನಲ್ಲ, ಬೇಡಿಕೊಳ್ಳುವವನಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟು, ನೀರು ಹನಿಸಿ, ವಿಭೂತಿ, ಪತ್ರಿ ಏರಿಸಿ ಒಂದಿಷ್ಟು ಹೊತ್ತು ನೋಡುತ್ತ ಕೂಡುವುದು. ಅದು ಆಗುವ ತನಕ ಬಾಯಿಗೆ ಹನಿ ನೀರೂ ಇಲ್ಲ. ಜ್ವರವಿರಲಿ, ಮದುವೆ ಮನೆಯಿರಲಿ, ರಾತ್ರಿಯೆಲ್ಲ ಟ್ರಾಲಿ ಕೆಲಸವಿರಲಿ, ತಪ್ಪಿಸಿದ್ದಿಲ್ಲ. ಇದಕ್ಕೆ ಭಕ್ತಿ ಅನ್ನಬೇಕೋ, ಹಟ ಅನ್ನಬೇಕೋ ನನಗೆ ಗೊತ್ತಿಲ್ಲ. ನಮ್ಮ ಮನೆತನದ ರೀತಿ ಅದು.

ಆಪರೇಶನ್ನು ಹೈದರಾಬಾದಿನಲ್ಲಿ. ಅಲ್ಲಿಯ ಹೊರಕೋಣೆಯನ್ನು ನಾನು ಮರೆಯುವುದಿಲ್ಲ. ಎಲ್ಲರದೂ ಕೊರಳಿನದೇ ರೋಗ, ಎಲ್ಲರ ಕೊರಳಲ್ಲೂ ಏನಾದರೊಂದು ಇತ್ತು. ಒಬ್ಬ ಮುದುಕನಿಗೆ ತುಳಸಿ ಮಣಿ, ಬುರ್ಖಾ ಹಾಕಿದ ಹೆಣ್ಣುಮಗಳಿಗೆ ತಾಯಿತ, ಒಬ್ಬಳಿಗೆ ತಾಳಿಯ ಜೊತೆ ಏಸುವಿನ ಪದಕ. ಹೆಸರು ಕೂಗಿದಾಗ ಒಬ್ಬೊಬ್ಬರ ಕೈ ತಮ್ಮ ತಮ್ಮ ಕೊರಳಿಗೆ ಹೋಗುತ್ತಿತ್ತು.

ಒಳಗೆ ಕರೆದುಕೊಂಡು ಹೋದ ಸಿಸ್ಟರ್ ನಮ್ಮ ಬೀದರ ಕಡೆಯವಳು, ಕ್ರಿಸ್ತರಾಕೆ. ನಾನು ಕರಡಿಗೆ ಹಿಡಿದು ಕೂತದ್ದು ನೋಡಿ, “ಕೊರಳಾಗ ಬ್ಯಾಡ್ರಿ ಕಾಕಾ, ಡಾಕ್ಟರ್ ಅಲ್ಲೇ ಕೊಯ್ತಾರ. ಬೆಳ್ಳಿದೂ ಬ್ಯಾಡ. ಲಿಂಗ ಮೈ ಮ್ಯಾಲ ಇದ್ರ ಸಾಕಲ್ರಿ?” ಅಂತ ಕೇಳಿದಳು. ನಾನು ತಲೆಯಾಡಿಸಿದೆ. “ನೀವೇ ತೆಗೀರಿ, ನಾ ಮುಟ್ಟಲ್ಲ” ಅಂದಳು. ಲಿಂಗವನ್ನು ಅರಿವೆಯಲ್ಲಿ ಸುತ್ತಿ ರಟ್ಟೆಗೆ ಇಟ್ಟುಕೊಂಡೆ. ಅದರ ಮೇಲೆ ಅವಳು ಬ್ಯಾಂಡೇಜ್ ಕಟ್ಟಿದಳು, ಬಿಗಿಯಾಗಿ, ಚಂದಾಗಿ. ಎಚ್ಚರವಾದಾಗ ಮೊದಲು ರಟ್ಟೆ ಮುಟ್ಟಿಕೊಂಡೆ. ಇತ್ತು. ಕೊರಳು ಆಮೇಲೆ ನೆನಪಾಯಿತು.

ಗಂಟು ತೆಗೆದರು. ಇಷ್ಟಕ್ಕೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಗಾಯ ಮಾಗಿದ ಮೇಲೆ ಡಾಕ್ಟರು, “ಅಲ್ಲಲ್ಲಿ ಉಳಿದದ್ದು ಸುಡಬೇಕು” ಅಂದರು. ಅದಕ್ಕೊಂದು ನುಂಗುವ ಔಷಧವಿದೆಯಂತೆ. ನುಂಗಿದ ಮೇಲೆ ನಮ್ಮ ಮೈಯಿಂದಲೇ ಕಿರಣ ಹೊರಡುತ್ತವೆ. ಬೆವರು, ಉಗುಳು, ಮೂತ್ರ ಎಲ್ಲದರಲ್ಲೂ ಅದು ಇರುತ್ತದೆ. ಹಾಗಾಗಿ ಕೆಲವು ದಿನ ಒಂದೇ ಕೋಣೆಯಲ್ಲಿ ಒಬ್ಬನೇ ಇರಬೇಕು, ಹೊರಗೆ ಬಂದ ಮೇಲೂ ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಬೇಕು. ನೀರು ಮಾತ್ರ ಸಿಕ್ಕಾಪಟ್ಟೆ ಕುಡಿಯಬೇಕು, ಔಷಧ ಮೈ ಬಿಟ್ಟು ಹೋಗಲು ಅದೊಂದೇ ದಾರಿ.

ಬಸುರಿ ಅಂದಕೂಡಲೇ ಗಂಗಮ್ಮ ನನ್ನ ಕಡೆ ನೋಡಿದಳು. ನಮ್ಮ ಒಬ್ಬಳೇ ಮಗಳು ಸವಿತಾ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಿದ್ದಳು, ಹೊಟ್ಟೆ ಆಗಲೇ ದೊಡ್ಡದಾಗಿತ್ತು. ಹೊರಗೆ ಬಂದ ಮೇಲೆ ನಾನು ಮನೆಗೆ ಹೋಗದೆ ಹುಮನಾಬಾದಿನ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಇರುವುದು ಅಂತ ಅಲ್ಲೇ ನಿರ್ಧಾರವಾಯಿತು.

ಆ ಕೋಣೆಗೆ ಹೋಗುವ ಮೊದಲು ಆಸ್ಪತ್ರೆಯವರು, “ಒಳಗ ಒಯ್ದ ಸಾಮಾನು ವಾಪಸ್ ಸಿಗುತ್ತೆ ಅಂತ ಹೇಳೋಕಾಗಲ್ಲ, ಬಿಟ್ಟು ಬರಬಹುದಾದದ್ದೇ ಒಯ್ಯಿರಿ” ಅಂದಿದ್ದರು. ನಾನು ಹಳೆ ಲುಂಗಿ, ಹಳೆ ಬನಿಯನ್ ಒಯ್ದೆ. ಗಡಿಯಾರ ಬಿಚ್ಚಿ ಗಂಗಮ್ಮನಿಗೆ ಕೊಟ್ಟೆ, ಉಂಗುರ ಕೊಟ್ಟೆ, ಬೆಳ್ಳಿಯ ಕರಡಿಗೆಯನ್ನೂ ಕೊಟ್ಟು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡೆ. ಲಿಂಗ ಸಾಮಾನು ಅಂತ ನನ್ನ ತಲೆಗೇ ಬರಲಿಲ್ಲ. ಕೈ, ಕಾಲು, ಕಿವಿ ಇದ್ದಂತೆ ಅದು. ಕಿವಿ ಒಯ್ಯಲೇನು ಅಂತ ಯಾರಾದರೂ ಕೇಳುತ್ತಾರೇನು?

ಔಷಧ ಒಂದು ಸಣ್ಣ ಗುಳಿಗೆ. ದಪ್ಪ ಸೀಸದ ಡಬ್ಬಿಯಲ್ಲಿ ಬಂತು. ತಂದವನು ಗೋಡೆಯಂಥ ಒಂದು ಅಡ್ಡ ತೆರೆಯ ಹಿಂದೆ ನಿಂತು, “ಒಳಗಿನ ಶೀಶೆ ಎತ್ತಿ ಬಾಯಿಗೆ ಸುರಿದುಕೋ, ಗುಳಿಗೆ ಕೈಯಿಂದ ಮುಟ್ಟಬೇಡ” ಅಂದ. ಯಾರೂ ಮುಟ್ಟಬಾರದ್ದನ್ನು ನಾನು ನುಂಗಬೇಕು. ನುಂಗಿದೆ. ಬಾಗಿಲು ಹಾಕಿದರು.

ಅಂದಿನಿಂದ ಊಟವನ್ನು ಹೊಸ್ತಿಲಲ್ಲಿಟ್ಟು ಬಾಗಿಲು ಬಡಿದು ಹೋಗುತ್ತಿದ್ದರು. ಅವರು ದೂರ ಹೋದ ಮೇಲೆ ನಾನು ಬಾಗಿಲು ತೆರೆಯಬೇಕು. ಮೊದಲ ಸಲ ಆ ತಾಟು ಎತ್ತಿಕೊಳ್ಳುವಾಗ ಹಳೆಯದೊಂದು ನೆನಪಾಯಿತು. ನಮ್ಮ ಹಳ್ಳಿಯಲ್ಲಿ ಹೀಗೆ ಯಾರಿಗೆ ಊಟ ಇಡುತ್ತಿದ್ದರು ಅಂತ ನಾನು ಸಣ್ಣವನಿದ್ದಾಗ ನೋಡಿದ್ದೇನೆ. ಅವರಿಗೆ ಹೇಗೆ ಅನ್ನಿಸುತ್ತಿತ್ತು ಅಂತ ಅಂದಿನ ತನಕ ಒಂದು ದಿನವೂ ವಿಚಾರ ಮಾಡಿದ್ದಿಲ್ಲ.

ದಿನಾ ಬೆಳಿಗ್ಗೆ ಪೂಜೆ ಮಾಡುತ್ತಿದ್ದೆ. ನಳದ ನೀರೇ ಅಭಿಷೇಕ. ಉಳಿದ ಹೊತ್ತು ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಮಲಗುತ್ತಿದ್ದೆ. ಹೆದರಿಕೆ ಹೆಚ್ಚಿದಷ್ಟೂ ಮುಷ್ಟಿ ಬಿಗಿಯಾಗುತ್ತಿತ್ತು.

ಬಿಡುಗಡೆಯ ದಿನ ಮಷೀನು ಹಿಡಿದ ಹುಡುಗ ಬಂದ. ದೂರದಿಂದ ನನ್ನನ್ನು ಅಳೆದು, “ಸರಿ, ಹೋಗಬಹುದು” ಅಂದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಮೊಬೈಲಿನ ಮೇಲೆ ಮಷೀನು ಆಡಿಸಿದ, ಅದು ಸುಮ್ಮನಿತ್ತು. ಆಮೇಲೆ ನನ್ನ ಎದೆಯ ಹತ್ತಿರ ತಂದ. ಕಿರಿಚತೊಡಗಿತು.

“ಏನದು?” ಅಂದ, ಅರ್ಧ ಹಿಂದಿ, ಅರ್ಧ ತೆಲುಗಿನಲ್ಲಿ.

“ಲಿಂಗ.”

ಬಿಚ್ಚಿ ಮೇಜಿನ ಮೇಲೆ ಇಡಿಸಿದ. ಮಷೀನು ಇನ್ನೂ ಜೋರಾಗಿ ಕಿರಿಚಿತು. ತೊಳೆಸಿದ, ಮತ್ತೆ ಹಿಡಿದ, ಮತ್ತೆ ಅದೇ. ಲಿಂಗದ ಮೇಲೆ ಬಳಿದ ಕಪ್ಪು ಲೇಪ, ಕಂಥಿ, ನನ್ನ ಬೆವರನ್ನೆಲ್ಲ ಕುಡಿದುಬಿಟ್ಟಿತ್ತು. ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ ಅಷ್ಟು ವಿಷ ಅದಕ್ಕೆ ಏರಿತ್ತು.

“ಇದು ಇಲ್ಲೇ ಇರಬೇಕು ಕಾಕಾ. ಕೆಲವು ವಾರಕ್ಕೆ ತಾನಾಗೇ ಶುದ್ಧ ಆಗುತ್ತೆ. ಫೋನ್ ಮಾಡ್ತೀವಿ, ಬಂದು ಒಯ್ಯಿರಿ.”

ಜೀವನದಲ್ಲಿ ಒಂದು ಸಲ ನಾನು ಕೈ ಮುಗಿದು ಬೇಡಿಕೊಂಡಿದ್ದರೆ ಅದು ಆ ಹುಡುಗನ ಮುಂದೆ. “ನನ್ನ ಮೈಯಾಗೂ ವಿಷ ಅದ, ಅದರಾಗೂ ಅದ, ಇಬ್ಬರೂ ಕೂಡಿ ಇರ್ತೀವಿ” ಅಂದೆ. ಅವನಿಗೂ ಪಾಪ ಅನ್ನಿಸಿತ್ತು. ಆದರೂ ಆಗಲ್ಲ ಅಂತ ತಲೆಯಾಡಿಸಿದ. ಚೀಲದಲ್ಲಿ ಹಾಕಿ, ಸೀಸದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

ಹುಮನಾಬಾದಿಗೆ ಕಾರಿನ ಹಿಂದಿನ ಸೀಟಿನ ಮೂಲೆಯಲ್ಲಿ ಕೂತು ಬಂದೆ. ಎದೆಯ ಮೇಲೆ ಏನೂ ಇಲ್ಲ. ದಾರಿಯುದ್ದಕ್ಕೂ ನನ್ನ ಕೈ ಅಲ್ಲಿಗೇ ಹೋಗುತ್ತಿತ್ತು. ಬರೀ ಅಂಗಿಯ ಗುಂಡಿ ಸಿಗುತ್ತಿತ್ತು.

ನಿಮಗೆ ನಮ್ಮ ಮುತ್ಯಾನ, ಅಂದರೆ ಅಜ್ಜನ ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಹುಚ್ಚಾಟ ಅನ್ನಿಸುತ್ತದೆ. ಮುತ್ಯಾ ಬಾವಿಯ ಹೂಳು ತೆಗೆಯಲು ಇಳಿದಾಗ ದಾರ ಹರಿದು ಲಿಂಗ ಕೆಸರಿನಲ್ಲಿ ಬಿತ್ತು. ಲಿಂಗ ಕಳಕೊಂಡವನು ಬದುಕಬಾರದು ಅನ್ನುವ ಕಾಲ ಅದು. ಮುತ್ಯಾ ಮೇಲೆ ಬಂದು ಬಾವಿಯ ದಂಡೆಗೆ ಕೂತ. ಅನ್ನ ಬೇಡ, ನೀರು ಬೇಡ. ಊರವರೆಲ್ಲ ಸೇರಿ ಎತ್ತು ಕಟ್ಟಿ ನೀರು ಎಳೆದು, ಕೆಸರು ಜಾಲಾಡಿ ಲಿಂಗ ಹುಡುಕಿ ಕೊಡುವ ತನಕ ಅವನು ಮಿಸುಕಲಿಲ್ಲ. ತುಟಿ ಒಡೆದು ರಕ್ತ ಬಂದಿತ್ತಂತೆ. ನಮ್ಮ ಮನೆಯಲ್ಲಿ ಗಂಡುಮಕ್ಕಳನ್ನು ಈ ಮಾತು ಹೇಳಿಯೇ ಬೆಳೆಸುತ್ತಾರೆ. ನನ್ನನ್ನೂ ಬೆಳೆಸಿದರು.

ಮರುದಿನ ಬೆಳಿಗ್ಗೆ ಶೆಡ್ಡಿನ ಕೋಣೆಯಲ್ಲಿ ಸ್ನಾನ ಮಾಡಿ ಕೂತೆ. ಎದುರಿಗೆ ನೀರಿನ ಬಾಟಲಿಗಳ ಸಾಲು, ಗಂಗಮ್ಮ ಕಳಿಸಿದ್ದು. ಅವತ್ತಿನಿಂದ ಶುರು ಮಾಡಬೇಕಾದ ಗುಳಿಗೆಯೂ ಇತ್ತು. ಗಂಟಿನ ಜೊತೆ ತೆಗೆದುಹಾಕಿದ ಗ್ರಂಥಿಯ ಕೆಲಸವನ್ನು ಇನ್ನು ಮೇಲೆ ಆ ಗುಳಿಗೆಯೇ ಮಾಡಬೇಕು, ಬದುಕಿರುವ ತನಕ. ಲಿಂಗವಿಲ್ಲ, ಪೂಜೆಯಿಲ್ಲ. ಪೂಜೆಯಿಲ್ಲದೆ ನೀರು ಹೇಗೆ ಕುಡಿಯಲಿ? ಸ್ವಲ್ಪ ಹೊತ್ತು ತಡೆಯೋಣ ಅಂದುಕೊಂಡೆ. ಆ ಸ್ವಲ್ಪ ಹೊತ್ತು ಮಧ್ಯಾಹ್ನವಾಯಿತು, ಸಂಜೆಯಾಯಿತು. ಗಂಗಮ್ಮ ಫೋನ್ ಮಾಡಿ “ಉಂಡ್ರ್ಯಾ?” ಅಂದರೆ “ಹೂಂ” ಅಂದೆ.

ಬಿಸಿಲಿನ ದಿನಗಳು, ಮೇಲೆ ತಗಡಿನ ಮಾಡು. ನಾಲಿಗೆ ಅಂಗುಳಕ್ಕೆ ಅಂಟಿತು. ಮೂತ್ರ ಕೆಂಪಗಾಗಿ ಉರಿಯಿತು. ಆಮೇಲೆ ಕಿವಿಯ ಕೆಳಗೆ, ದವಡೆಯ ಎರಡೂ ಕಡೆ ಬಾತುಕೊಂಡಿತು. ಕೈಯಿಂದ ಮುಟ್ಟಿ ನೋಡಿಕೊಂಡೆ. ಮತ್ತೆ ಗಂಟು. ಒಂದಿತ್ತು, ಈಗ ಎರಡು. ರೋಗ ತಿರುಗಿ ಬಂತು ಅಂದುಕೊಂಡೆ. ನೀರು ಕುಡಿಯದ್ದಕ್ಕೇ ಹಾಗಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು, ಆದರೆ ಹೆದರಿದ ಮನುಷ್ಯನಿಗೆ ಹೇಳಿದ್ದು ನೆನಪಿರುವುದಿಲ್ಲ.

ಎರಡು ಹೆದರಿಕೆ ನನ್ನನ್ನು ಎರಡು ಕಡೆಯಿಂದ ಹಿಡಿದಿದ್ದವು. ನೀರು ಕುಡಿಯದಿದ್ದರೆ ವಿಷ ಒಳಗೇ ಉಳಿಯುತ್ತದೆ. ಕುಡಿದರೆ, ಲಿಂಗವೂ ಇಲ್ಲದ ನೇಮವೂ ಇಲ್ಲದ ಮನುಷ್ಯನಾಗಿ ಸಾಯುತ್ತೇನೆ. ನಮ್ಮಲ್ಲಿ ಮಣ್ಣು ಮಾಡುವಾಗ ಅಂಗೈಯಲ್ಲಿ ಲಿಂಗವಿಟ್ಟು ಕೂಡಿಸುತ್ತಾರೆ. ನನ್ನ ಅಂಗೈಯಲ್ಲಿ ಏನಿಡುತ್ತಾರೆ? ಹೈದರಾಬಾದಿನಿಂದ ಯಾರು ತರುತ್ತಾರೆ? ಇಂಥ ಸಣ್ಣ ಸಣ್ಣ ಮಾತುಗಳೇ ಎದೆ ಹಿಂಡುತ್ತಿದ್ದವು.

ಇನ್ನೊಂದು ಬೆಳಗಾಯಿತು. ಖಾಜಾ ಊಟ ತಂದು ಬೇವಿನ ಗಿಡದ ಕೆಳಗಿನ ಸ್ಟೂಲಿನ ಮೇಲಿಟ್ಟು ದೂರ ಸರಿಯುವವನು, ಹಿಂದಿನ ದಿನದ ಪೊಟ್ಟಣ ಹಾಗೇ ಇರುವುದನ್ನು ನೋಡಿದ. ಕಿಟಕಿಯಿಂದ ತುಂಬಿದ ಬಾಟಲಿಗಳನ್ನೂ ನೋಡಿದ.

“ಏ ಶರಣಪ್ಪಾ! ನೀರ್ಯಾಕ ಕುಡಿದಿಲ್ಲ?”

ಅವನು ಬಿಡಲಿಲ್ಲ. ಕಡೆಗೆ ಹೇಳಿದೆ. ಅವನು ಗಿಡಕ್ಕೆ ಆತು ನಿಂತ.

“ನಮ್ಮಲ್ಲಿ ವಜೂ ಮಾಡಾಕ, ಕೈಕಾಲು ಮಾರಿ ತೊಳ್ಯಾಕ, ನೀರು ಸಿಗಲಿಲ್ಲಂದ್ರ ಮಣ್ಣು ಮುಟ್ಟಿ ನಮಾಜಿಗಿ ನಿಂದರ್ತೀವಿ. ಬೀಮಾರ ಮನಷಾಗ ರೋಜಾ ಮಾಫ್ ಅದ. ನಿಮ್ಮಲ್ಲಿ ಏನೂ ಮಾಫ್ ಇಲ್ಲೇನು?”

“ಮಾಫ್ ಕೇಳೋ ಪದ್ಧತಿ ನಮ್ಮ ಮನ್ಯಾಗಿಲ್ಲ.”

“ಆಯ್ತು, ಮಾಫ್ ಕೇಳಬ್ಯಾಡ. ನೀರು ಕೇಳು.”

“ಹೋಗೋ ಮಾರಾಯಾ, ನಿನ್ನ ಕೆಲಸ ನೋಡ್ಕೋ.”

“ನನ್ನ ಕೆಲಸಾನ? ನಿನ್ನ ಮಯ್ಯತಿಗಿ, ಮಣ್ಣಿಗಿ ಬರೋದೂ ನನ್ನ ಕೆಲಸಾನೇ ಏನು?” ಅಂದು, ಅಂದದ್ದಕ್ಕೆ ತಾನೇ ಹೆದರಿ ಬಾಯಿ ಮುಚ್ಚಿಕೊಂಡ. ಆಮೇಲೆ ಫೋನು ತೆಗೆದು ಗಂಗಮ್ಮನಿಗೆ ಹಚ್ಚಿದ.

ಗಂಗಮ್ಮ ನೇರ ಅಯ್ನೋರ ಮನೆಗೆ ಹೋದಳಂತೆ. ನಮ್ಮ ಮನೆತನದ ಗುರು ಅವರು, ಬಹಳ ವಯಸ್ಸಾದವರು. ಅವರೇ ಫೋನಿನಲ್ಲಿ ಬಂದರು.

“ಶರಣಪ್ಪಾ, ನಾ ಅಪ್ಪಣಿ ಕೊಡ್ತೀನಿ. ಕುಡಿ.”

“ಅಪ್ಪಾರೇ, ನಮ್ಮ ಮುತ್ಯಾಗ ನಿಮ್ಮ ಅಜ್ಜಾರು ಯಾಕ ಕೊಡಲಿಲ್ರಿ ಅಪ್ಪಣಿ?”

“ಅದು ಬ್ಯಾರೆ ಕಾಲಪ್ಪಾ” ಅಂದರು.

“ಹಂಗಾದ್ರ ಹೊಸಾ ಲಿಂಗ ಕಟ್ರಿ. ಇವತ್ತೇ ಬರ್ರಿ.”

ಹೊಸ ಲಿಂಗ ಕಟ್ಟಬೇಕಾದರೆ ಗುರು ತಲೆಯ ಮೇಲೆ ಕೈ ಇಡಬೇಕು, ಕಿವಿಯಲ್ಲಿ ಮಂತ್ರ ಹೇಳಬೇಕು. ಅಷ್ಟು ಹತ್ತಿರ ಬರಬೇಕು. ಅವರ ಉಸಿರು ಫೋನಿನಲ್ಲಿ ಕೇಳುತ್ತಿತ್ತು.

“ಸೋಮವಾರ ಬರ್ತೀನಪ್ಪಾ... ಒಂದು ಒಳ್ಳೆ ಹೊತ್ತು ನೋಡಿ...” ಅಂದರು. ಅವರಿಗೆ ಹೆದರಿಕೆಯಾಗಿತ್ತು. ನಾನು ಅವರನ್ನು ಬಯ್ಯುವುದಿಲ್ಲ. ನನ್ನ ಹತ್ತಿರ ಬರಲು ಯಾರಿಗೂ ಹೆದರಿಕೆಯಾಗಬೇಕು, ಡಾಕ್ಟರೇ ಹೇಳಿದ್ದರು. ಆದರೆ ಅವತ್ತು ನನ್ನ ಒಳಗಿನ ಕಟ್ಟಕಡೆಯ ಕಂಬ ಅಲುಗಾಡಿತು. ಗುರುವಿಗೇ ಹೆದರಿಕೆ ಅಂದಮೇಲೆ ನಾನು ಯಾರನ್ನು ಹಿಡಿದು ನಿಲ್ಲಲಿ?

ಬಿಸಿಲು ಏರಿದಾಗ ನನಗೆ ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಅಂಗಳದಲ್ಲಿ ಆಟೋ ನಿಂತ ಸಪ್ಪಳವಾಯಿತು. ಗಂಗಮ್ಮ ಬಂದಳು ಅಂದುಕೊಂಡೆ. ಬಾಗಿಲಿಗೆ ಬಂದು ನೋಡಿದರೆ ಗಂಗಮ್ಮನ ಹಿಂದೆ ಸವಿತಾ ಇಳಿಯುತ್ತಿದ್ದಳು, ಒಂದು ಕೈ ಸೊಂಟಕ್ಕೆ ಹಚ್ಚಿ.

“ಏ! ಆಕೀನ ಯಾಕ ಕರಕೊಂಡು ಬಂದಿ? ಹುಚ್ಚಿದ್ದೀ ಏನು? ಅಲ್ಲೇ ನಿಂದರ್ರಿ!”

“ನಾ ಕರಕೊಂಡು ಬಂದಿಲ್ರಿ,” ಅಂದಳು ಗಂಗಮ್ಮ, ಅಳುತ್ತ. “ಆಕೀನೇ ಆಟೋ ಹತ್ತಿ ಕೂತಳು.”

ಸವಿತಾ ಬೇವಿನ ಗಿಡದ ತನಕ ಬಂದು ನಿಂತಳು. ಖಾಜಾ, “ಬೇಟಾ, ಇಲ್ಲಿಗೇ ಸಾಕವ್ವಾ” ಅಂದ. ಅವಳು ಅವನ ಕಡೆ ನೋಡಲಿಲ್ಲ.

“ಅಪ್ಪಾ, ನೀರು ಕುಡಿ.”

“ನೀ ಮೊದಲ ಮನಿಗಿ ಹೋಗವ್ವಾ.”

“ಕುಡಿ.”

“ಸವಿತಾ, ನಿನಗ ತಿಳೀದಿಲ್ಲ. ಮುತ್ಯಾ...”

“ಮುತ್ಯಾನ ಕಥಿ ನಂಗೂ ಹೇಳೀದಿ. ಮುತ್ಯಾ ಬಾವಿ ದಂಡ್ಯಾಗ ಕೂತಾಗ ಮನ್ಯಾಗ ಅವನ ಹೇಂತಿ ಏನು ಮಾಡಾಕತ್ತಿದ್ಳು? ಅದು ಹೇಳಿಲ್ಲಲ್ಲ ನೀ. ಯಾರೂ ಹೇಳಿಲ್ಲ.”

ನಿಜವಾಗಿಯೂ ನಮ್ಮ ಮನೆಯಲ್ಲಿ ಅದನ್ನು ಯಾರೂ ಹೇಳಿದ್ದಿಲ್ಲ.

“ಕುಡೀದಿದ್ರ ನಾ ಒಳಗ ಬರ್ತೀನಿ,” ಅಂದಳು. ಅಂದು ಒಂದು ಹೆಜ್ಜೆ ಮುಂದಿಟ್ಟಳು.

“ನಿಂದರು!”

ಇನ್ನೊಂದು ಹೆಜ್ಜೆ. ಕತ್ತರಿಸಿಟ್ಟ ಕಬ್ಬಿಣದ ಪಟ್ಟಿಗಳ ನಡುವೆ ದಾರಿ ನೋಡಿಕೊಂಡು, ನಿಧಾನ, ಭಾರದ ಮೈ ಹೊತ್ತು ಬರುತ್ತಿದ್ದಳು. ನಾನು ಹಿಂದೆ ಸರಿದೆ. ಅವಳು ಬಂದಷ್ಟೂ ಸರಿದೆ. ಜೀವನದಲ್ಲಿ ಬಹಳ ಹೆದರಿಕೆ ನೋಡಿದ್ದೇನೆ, ಕ್ರೇನಿನಿಂದ ಟ್ರಾಲಿ ಜಾರಿ ತಲೆಯ ಪಕ್ಕಕ್ಕೆ ಬಿದ್ದದ್ದಿದೆ, ಆದರೆ ಹೊಟ್ಟೆಯಲ್ಲಿ ಕೂಸು ಹೊತ್ತು ನನ್ನ ಕಡೆ ನಡೆದು ಬರುತ್ತಿದ್ದ ನನ್ನ ಮಗಳಿಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ನನ್ನ ಬೆನ್ನು ಕೋಣೆಯ ಗೋಡೆಗೆ ಹತ್ತಿತು. ಇನ್ನು ಸರಿಯಲು ಜಾಗವಿಲ್ಲ. ಅವಳು ಶೆಡ್ಡಿನ ಹೊಸ್ತಿಲ ಹತ್ತಿರ ಬಂದಿದ್ದಳು. ಅವಳ ಮುಖದಲ್ಲೂ ಹೆದರಿಕೆಯೇ ಇತ್ತು, ತುಟಿ ಬಿಳಚಿದ್ದವು. ಆದರೂ ಕಾಲು ಎತ್ತಿದಳು.

“ಕುಡೀತೀನಿ! ಕುಡೀತೀನವ್ವಾ, ಹಿಂದಕ ಹೋಗು, ನಿನ್ನ ಕಾಲಿಗಿ ಬೀಳ್ತೀನಿ!”

ಬಾಟಲಿ ತೆಗೆದೆ. ಮುಚ್ಚಳ ತಿರುಗಿಸಲು ಬೆರಳಿಗೆ ಬಲವಿರಲಿಲ್ಲ, ಹಲ್ಲಿನಿಂದ ತೆಗೆದೆ. ಪೂಜೆಯಿಲ್ಲ, ವಿಭೂತಿಯಿಲ್ಲ, ಬಾಯಲ್ಲಿ ಒಂದು ಮಂತ್ರವೂ ಬರಲಿಲ್ಲ. ಕುಡಿದೆ. ಅರ್ಧ ಎದೆಯ ಮೇಲೆ ಚೆಲ್ಲಿತು. ಅಂಗಳದಿಂದ ಖಾಜಾ ತನಗೇ ಗೊತ್ತಿಲ್ಲದಂತೆ “ಬಿಸ್ಮಿಲ್ಲಾ” ಅಂದದ್ದು ಕೇಳಿತು. ಗಂಗಮ್ಮ “ಶಿವಾ” ಅಂದಳು. ನನ್ನ ಮೊದಲ ಗುಟುಕಿಗೆ ಇಬ್ಬರೂ ಅವರವರ ಮಾತು ಅಂದರು, ನಾನೊಬ್ಬ ಸುಮ್ಮನೆ ಕುಡಿದೆ.

“ಪೂರಾ,” ಅಂದಳು ಸವಿತಾ, ಹೊಸ್ತಿಲಲ್ಲೇ ನಿಂತು.

ಪೂರಾ ಕುಡಿದೆ. ಗುಳಿಗೆಯನ್ನೂ ನುಂಗಿ ಬಾಯಿ ತೆರೆದು ತೋರಿಸಿದೆ, ಸಣ್ಣ ಮಕ್ಕಳು ತೋರಿಸುವ ಹಾಗೆ. ಆಗ ಅವಳು ಹಿಂದೆ ಹೋದಳು. ಬೇವಿನ ಗಿಡದ ಕೆಳಗೆ ಹೋಗಿ ಅರ್ಧ ಕಟ್ಟಿದ ಟ್ರಾಲಿಯ ಅಂಚಿಗೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ನನಗೆ ಹೋಗಿ ತಲೆ ಸವರಲು ಬರುವಂತಿರಲಿಲ್ಲ. ಗೋಡೆಗೆ ಆತು ನಿಂತು ನೋಡಿದೆ.

ಏನೂ ಆಗಲಿಲ್ಲ. ಸಿಡಿಲು ಬಡಿಯಲಿಲ್ಲ, ಎದೆ ಒಡೆಯಲಿಲ್ಲ. ದವಡೆಯ ಬಾವು ಇಳಿಯಿತು. ದಿನಗಳು ಕಳೆದವು. ಅಯ್ನೋರು ಹೇಳಿದಂತೆ ಸೋಮವಾರ ಬಂದರು, ಆದರೆ ನಾನೇ ದೂರದಿಂದ ಕೈ ಮುಗಿದು, “ಬ್ಯಾಡ್ರಿ ಅಪ್ಪಾರೇ, ನಂದು ಬರೂತನಕ ಕಾಯ್ತೀನಿ” ಅಂದೆ. ಅವರು ಗಿಡದ ಕೆಳಗೆ ಬಹಳ ಹೊತ್ತು ಕೂತಿದ್ದು, ಖಾಜಾನ ಅಂಗಡಿಯ ಚಹಾ ಕುಡಿದು ಹೋದರು. ಹೋಗುವಾಗ, “ನನಗೂ ಅಂಜಿಕಿ ಆಗಿತ್ತಪ್ಪಾ” ಅಂದರು. ನಾನು, “ಗೊತ್ರಿ” ಅಂದೆ. ಗುರು ಶಿಷ್ಯರ ನಡುವೆ ಅಷ್ಟು ಖರೆ ಮಾತು ಹಿಂದೆಂದೂ ಆಗಿದ್ದಿಲ್ಲ.

ಲಿಂಗ ವಾಪಸು ಬಂದಿದೆ. ಆ ಹುಡುಗ ಮಷೀನು ಹಿಡಿದಾಗ ಅದು ಸುಮ್ಮನಿತ್ತು. ಸವಿತಾಗೆ ಹೆಣ್ಣುಕೂಸು ಆಗಿದೆ, ಚೆನ್ನಾಗಿದೆ. ಡಾಕ್ಟರು ಎತ್ತಿಕೊಳ್ಳಬಹುದು ಅಂದ ಮೇಲೂ ನಾನು ಬಹಳ ದಿನ ಎತ್ತಿಕೊಳ್ಳಲಿಲ್ಲ.

ಆ ಕೋಣೆಗೆ ಹೋಗುವವರು ಇದನ್ನು ಓದುತ್ತಿದ್ದರೆ ಎರಡು ಮಾತು. ನಿಮ್ಮ ಕೊರಳಲ್ಲಿ, ರಟ್ಟೆಯಲ್ಲಿ, ಸೊಂಟದಲ್ಲಿ ಏನು ಕಟ್ಟಿಕೊಂಡಿದ್ದೀರೋ ಮೊದಲೇ ಬಾಯಿಬಿಟ್ಟು ಕೇಳಿರಿ, ನಮಗೆ ಅದು ದೇವರು, ಮಷೀನಿಗೆ ಅದು ಸಾಮಾನು. ಮತ್ತೆ, ನಿಮ್ಮ ನೇಮ ಯಾವುದೇ ಇರಲಿ, ನೀರು ಕುಡಿಯಿರಿ. ಹೆದರಿಕೆ ಹೋದ ಮೇಲೆ ಕುಡಿಯುತ್ತೇನೆ ಅನ್ನಬೇಡಿರಿ, ಅದು ಹೋಗುವುದಿಲ್ಲ.

ನನ್ನದೂ ಹೋಗಿಲ್ಲ. ಈ ಗುಳಿಗೆಯನ್ನು ಎದ್ದ ಕೂಡಲೇ, ಖಾಲಿ ಹೊಟ್ಟೆಗೆ, ನೀರಿನ ಜೊತೆ ನುಂಗಬೇಕಂತೆ. ಸಾಯುವ ತನಕ ದಿನಾ. ಅಂದರೆ ಇನ್ನು ನನ್ನ ಆಯುಷ್ಯದ ಒಂದೊಂದು ಬೆಳಿಗ್ಗೆಯೂ ಲಿಂಗಕ್ಕಿಂತ ಮೊದಲು ನೀರು. ಗುಳಿಗೆ ನಾಲಿಗೆಯ ಮೇಲಿಟ್ಟು ಕುಡಿಯುತ್ತೇನೆ. ಅದು ಒಳಗಿಳಿಯುವ ತನಕ ಇನ್ನೊಂದು ಕೈಯಿಂದ ಕರಡಿಗೆಯನ್ನು ಮುಚ್ಚಿ ಹಿಡಿದಿರುತ್ತೇನೆ. ಆಮೇಲೆ ಸ್ನಾನಕ್ಕೆ ಏಳುತ್ತೇನೆ.